ಬರೆದವರ ಹೆಸರು ಯಾರ ವಶದಲ್ಲಿರಬೇಕು?

ಅಂತರಜಾಲದಲ್ಲಿ ಬರೆಯುವ ಪ್ರತಿಯೊಬ್ಬರೂ ಸರ್ಕಾರ ಕೊಟ್ಟ ಗುರುತಿನ ದಾಖಲೆಯನ್ನು ಮೊದಲೇ ತೋರಿಸಿ ತಾವು ಯಾರೆಂಬುದನ್ನು ಸಾಬೀತುಪಡಿಸಬೇಕೆಂಬ ಬೇಡಿಕೆ ಭಾರತದಲ್ಲಿ ಹೊಸದಲ್ಲ. ಸಾಮಾಜಿಕ ಜಾಲತಾಣಗಳ ಖಾತೆಗಳಿಗೆ ಆಧಾರ್ ಅಥವಾ ಅಂಥದೇ ಬೇರೊಂದು ಗುರುತಿನ ಸಂಖ್ಯೆಯನ್ನು ಜೋಡಿಸಬೇಕೆಂದು ಕೋರಿದ ಅರ್ಜಿಗಳು 2018ರಲ್ಲಿಯೇ ಮದ್ರಾಸ್ ಹೈಕೋರ್ಟ್ ಮುಂದೆ ಬಂದಿದ್ದವು. ಈ ಬೇಡಿಕೆಯನ್ನು ಎತ್ತಿಹಿಡಿಯುವ ಒಬ್ಬರು ಮತ್ತು ಅದನ್ನು ಒಪ್ಪದ ಇನ್ನೊಬ್ಬರ ನಡುವಿನ ಚರ್ಚೆಯನ್ನು, ಶಾಸ್ತ್ರಗ್ರಂಥಗಳ ಹಳೆಯ ಪದ್ಧತಿಯಂತೆ ಪೂರ್ವಪಕ್ಷ ಮತ್ತು ಉತ್ತರಪಕ್ಷ ಎಂದು ಗುರುತಿಸಿ ಇಲ್ಲಿ ಕೊಡಲಾಗಿದೆ. ಎದುರಾಳಿಯ ಮಾತನ್ನು ದುರ್ಬಲವಾಗಿ ಮಂಡಿಸಿ ಸುಲಭವಾಗಿ ಗೆಲ್ಲುವುದು ಆ ಪದ್ಧತಿಗೆ ಸಲ್ಲದು; ಈ ವಿಷಯದಲ್ಲಂತೂ ಪೂರ್ವಪಕ್ಷದ ಬೆನ್ನಿಗೆ ನಿಜವಾದ ನೋವಿದೆ.

ಪೂರ್ವಪಕ್ಷ: ಆಡಿದವರು ತಮ್ಮ ಮಾತಿಗೆ ಉತ್ತರ ಕೊಡಬೇಕೆಂಬುದು ಮುದ್ರಣಯುಗದಲ್ಲಿ ಕಾನೂನೇ ಆಗಿತ್ತು. 1867ರ ಪತ್ರಿಕೆ ಮತ್ತು ಪುಸ್ತಕ ನೋಂದಣಿ ಕಾಯ್ದೆಯ ಪ್ರಕಾರ ದೇಶದಲ್ಲಿ ಅಚ್ಚಾಗುವ ಪ್ರತಿ ಪುಸ್ತಕ, ಪ್ರತಿ ಪತ್ರಿಕೆಯ ಮೇಲೂ ಮುದ್ರಕರ ಹೆಸರು ಮತ್ತು ಮುದ್ರಣದ ಸ್ಥಳ ಇರಲೇಬೇಕಿತ್ತು. ಪತ್ರಿಕೆಯ ವಾಚಕರ ವಿಭಾಗಕ್ಕೆ ನಾಲ್ಕು ಸಾಲು ಬರೆಯುವವರು ಸಹ ಪೂರ್ಣ ಹೆಸರು, ವಿಳಾಸ ಕೊಡಬೇಕಿತ್ತು. ಇಂದು ಕಾಲೇಜು ವಿದ್ಯಾರ್ಥಿನಿಯೊಬ್ಬಳ ಭಾವಚಿತ್ರವನ್ನು ತಿರುಚಿ, ಅವಳದೇ ಹೆಸರಿನಲ್ಲಿ ನಕಲಿ ಖಾತೆ ತೆರೆದು, ಅದನ್ನು ಅವಳ ಬಂಧುಗಳಿಗೂ ಸಹಪಾಠಿಗಳಿಗೂ ಕಳುಹಿಸುವವನು, ತನ್ನ ಹೆಸರು ಎಲ್ಲಿಯೂ ಹೊರಬೀಳದೆಂಬ ಧೈರ್ಯದಿಂದಲೇ ಹಾಗೆ ಮಾಡುತ್ತಾನೆ. ಆಕೆ ಕಾಲೇಜು ಬಿಡುತ್ತಾಳೆ, ಅವನು ಇನ್ನೊಂದು ಖಾತೆ ತೆರೆಯುತ್ತಾನೆ. ಇಂಥವನಿಗೆ ಕಡಿವಾಣ ಹಾಕಬೇಕಾದರೆ ಜಾಲದೊಳಗೆ ಕಾಲಿಡುವಾಗಲೇ ಗುರುತು ಕೇಳುವುದು ಅನಿವಾರ್ಯವಲ್ಲವೇ?

ಉತ್ತರಪಕ್ಷ: ಆ ವಿದ್ಯಾರ್ಥಿನಿಗೆ ಆದ ಅನ್ಯಾಯವನ್ನು ಲಘುವಾಗಿ ಕಾಣುವ ಯಾವ ವಾದವೂ ಇಲ್ಲಿ ನಿಲ್ಲಲಾರದು, ಹಾಗಿದ್ದರೂ ಒಂದೇ ಹೆಸರಿನಲ್ಲಿ ಬೆರೆತುಹೋಗಿರುವ ಮೂರು ಸಂಗತಿಗಳನ್ನು ಮೊದಲು ಬೇರ್ಪಡಿಸಬೇಕು. ಯಾವ ಹೆಸರೂ ಇಲ್ಲದೆ ಮಾತನಾಡುವುದು ಅನಾಮಿಕತೆ. ವರ್ಷಗಟ್ಟಲೆ ಒಂದೇ ಕಲ್ಪಿತ ಹೆಸರಿನಲ್ಲಿ ಬರೆದು, ಆ ಹೆಸರಿಗೆ ಬಂದ ಮೆಚ್ಚುಗೆಯನ್ನೂ ನಿಂದೆಯನ್ನೂ ಹೊರುವುದು ಗುಪ್ತನಾಮ. ಜೀವಂತವಾಗಿರುವ ಇನ್ನೊಬ್ಬರ ಹೆಸರನ್ನೂ ಮುಖವನ್ನೂ ಕದ್ದು ಅವರಂತೆ ನಟಿಸುವುದು ಸೋಗು. ತಾವು ಹೇಳಿದ ಅಪರಾಧ ಮೂರನೆಯದು. ಸೋಗು ಹಾಕಿ ವಂಚಿಸುವುದಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮಿನಲ್ಲಿ 3 ವರ್ಷಗಳವರೆಗೆ ಶಿಕ್ಷೆ ಈಗಾಗಲೇ ಇದೆ. ಇನ್ನು ಪತ್ರಿಕೆಯ ಉದಾಹರಣೆಯನ್ನು ಪೂರ್ತಿಯಾಗಿ ನೋಡಬೇಕು: 1867ರ ಕಾಯ್ದೆ ಮುದ್ರಕರ, ಪ್ರಕಾಶಕರ ಹೆಸರನ್ನು ಕೇಳಿತೇ ಹೊರತು ಲೇಖಕರ ಹೆಸರನ್ನು ಕಡ್ಡಾಯ ಮಾಡಲಿಲ್ಲ, ವಾಚಕರ ಹೆಸರನ್ನು ತಿಳಿದಿದ್ದ ಸಂಪಾದಕರು, ಅವರು ಕೋರಿದರೆ, 'ನೊಂದ ನಾಗರಿಕ' ಎಂದಷ್ಟೇ ಅಚ್ಚು ಹಾಕಿ ನಿಜವಾದ ಹೆಸರನ್ನು ತಮ್ಮಲ್ಲಿಯೇ ಉಳಿಸಿಕೊಳ್ಳುತ್ತಿದ್ದರು. ಹೆಸರು ಒಬ್ಬರ ವಶದಲ್ಲಿತ್ತು, ಆ ಒಬ್ಬರಿಗೆ ಅದನ್ನು ಕಾಯುವ ಕರ್ತವ್ಯವೂ ಇತ್ತು.

ಪೂರ್ವಪಕ್ಷ: ಹಾಗಿದ್ದರೆ ಅದೇ ವ್ಯವಸ್ಥೆಯನ್ನು ಜಾಲತಾಣಗಳಿಗೆ ಅನ್ವಯಿಸಬಹುದಲ್ಲ? ಹೊರಗೆ ಯಾವ ಅಡ್ಡಹೆಸರು ಬೇಕಾದರೂ ಕಾಣಲಿ. ಒಳಗೆ ಮಾತ್ರ ಕಂಪನಿಯ ಬಳಿ ಪರಿಶೀಲಿಸಿದ ನಿಜನಾಮ ಇರಲಿ. ಸಂಪಾದಕರ ಸ್ಥಾನದಲ್ಲಿ ಕಂಪನಿ ನಿಂತಂತಾಗುತ್ತದೆ.

ಉತ್ತರಪಕ್ಷ: ಅಕ್ಷರಶಃ ಇದನ್ನೇ ಒಂದು ದೇಶ ಐದು ವರ್ಷ ಪ್ರಯೋಗಿಸಿ ನೋಡಿದೆ. ದಕ್ಷಿಣ ಕೊರಿಯಾದಲ್ಲಿ 2007ರ ಜುಲೈನಿಂದ ದೊಡ್ಡ ಜಾಲತಾಣಗಳಲ್ಲಿ ಬರೆಯುವವರ ಗುರುತನ್ನು ಪರಿಶೀಲಿಸುವುದು ಕಡ್ಡಾಯವಾಯಿತು. 2009ರಲ್ಲಿ ಈ ನಿಯಮವನ್ನು ದಿನಕ್ಕೆ ಸರಾಸರಿ 1 ಲಕ್ಷ ಮಂದಿ ಭೇಟಿ ನೀಡುವ ತಾಣಗಳಿಗೂ ವಿಸ್ತರಿಸಲಾಯಿತು. ಹೊರಗೆ ಅಡ್ಡಹೆಸರಿಗೆ ಅವಕಾಶವಿತ್ತು. ಒಳಗೆ ಮಾತ್ರ ನಿವಾಸಿ ನೋಂದಣಿ ಸಂಖ್ಯೆಯ ಆಧಾರದಲ್ಲಿ ಪರಿಶೀಲನೆ ನಡೆಯಬೇಕಿತ್ತು. ಈ ಸಂಖ್ಯೆ 13 ಅಂಕಿಗಳದ್ದು. ಮೊದಲ ಆರು ಅಂಕಿಗಳು ಹುಟ್ಟಿದ ದಿನವನ್ನೂ ಏಳನೆಯದು ಹೆಣ್ಣೋ ಗಂಡೋ ಎಂಬುದನ್ನೂ ಹೇಳುತ್ತವೆ. ಬ್ಯಾಂಕು, ಆಸ್ಪತ್ರೆ, ಉದ್ಯೋಗ ಎಲ್ಲಕ್ಕೂ ಅದೇ ಸಂಖ್ಯೆ, ಮತ್ತು ಆ ಕಾಲದಲ್ಲಿ ಅದನ್ನು ಬದಲಾಯಿಸಿಕೊಳ್ಳುವುದು ಹೆಚ್ಚುಕಡಿಮೆ ಅಸಾಧ್ಯವಾಗಿತ್ತು. ಪರಿಶೀಲನೆಯ ದಾಖಲೆಯನ್ನು ಇಟ್ಟುಕೊಳ್ಳುವ ಹೊಣೆಯನ್ನು ಕಾನೂನು ತಾಣಗಳ ಮೇಲೆ ಹೊರಿಸಿದ್ದರಿಂದ, ಸುದ್ದಿ ಮತ್ತು ಸ್ನೇಹಕೂಟಗಳ ತಾಣಗಳು ಇಡೀ ದೇಶದ ಗುರುತಿನ ಉಗ್ರಾಣಗಳಾದವು. 2011ರ ಜುಲೈನಲ್ಲಿ ನೇಟ್ ಮತ್ತು ಸೈವರ್ಲ್ಡ್ ಎಂಬ ಎರಡು ತಾಣಗಳ ಮೇಲೆ ದಾಳಿ ನಡೆದು ಸುಮಾರು 3.5 ಕೋಟಿ ಬಳಕೆದಾರರ ವಿವರಗಳು ಕಳುವಾದವು. ಆಗ ಆ ದೇಶದ ಒಟ್ಟು ಜನಸಂಖ್ಯೆಯೇ ಸುಮಾರು 5 ಕೋಟಿ.

ಪೂರ್ವಪಕ್ಷ: ಅದು ಭದ್ರತೆಯ ಲೋಪ, ತತ್ತ್ವದ ಲೋಪವಲ್ಲ. ಕಳ್ಳತನವಾಯಿತೆಂದು ಬ್ಯಾಂಕುಗಳನ್ನೇ ಮುಚ್ಚುವವರಿಲ್ಲ. ನಿಂದೆ, ಬೆದರಿಕೆಗಳು ಕಡಿಮೆಯಾದವೇ ಎಂಬುದಷ್ಟೇ ಇಲ್ಲಿ ಕೇಳಬೇಕಾದ ಪ್ರಶ್ನೆ.

ಉತ್ತರಪಕ್ಷ: ಆ ಪ್ರಶ್ನೆಗೆ ಕೊರಿಯಾದ ಉತ್ತರ ಬಹಳ ದುಃಖದ್ದು. ಕಾನೂನು ಜಾರಿಗೆ ಬಂದು ಒಂದು ವರ್ಷಕ್ಕೂ ಹೆಚ್ಚು ಕಾಲವಾಗಿದ್ದಾಗ, 2008ರ ಅಕ್ಟೋಬರ್‌ನಲ್ಲಿ, ಅಲ್ಲಿನ ಜನಪ್ರಿಯ ನಟಿ ಚೋಯ್ ಜಿನ್-ಸಿಲ್ ತಮ್ಮ ಮೇಲೆ ಹಬ್ಬಿದ ಗಾಳಿಸುದ್ದಿಯ ನಡುವೆ ಆತ್ಮಹತ್ಯೆ ಮಾಡಿಕೊಂಡರು. ಹೆಸರು ಕಡ್ಡಾಯವಾಗಿದ್ದ ಕಾಲದಲ್ಲಿಯೇ ಆ ಸುದ್ದಿ ಊರೆಲ್ಲ ಹರಿದಾಡಿತ್ತು. ಆಗ ಆಡಳಿತ ಪಕ್ಷ ಕಾನೂನನ್ನು ಇನ್ನಷ್ಟು ಬಿಗಿಗೊಳಿಸಲು ಹೊರಟಿತು. ಈ ಔಷಧ ರೋಗಕ್ಕೆ ಸರಿಹೊಂದುವುದೇ ಎಂದು ಕೇಳುವ ತಾಳ್ಮೆ ಶೋಕದ ಹೊತ್ತಿನಲ್ಲಿ ಯಾವ ಸಮಾಜಕ್ಕೂ ಇರುವುದಿಲ್ಲ. 2009ರಲ್ಲಿ ಗೂಗಲ್ ಕಂಪನಿ ಗುರುತು ಸಂಗ್ರಹಿಸುವ ಬದಲು ಯೂಟ್ಯೂಬಿನ ಕೊರಿಯಾ ಆವೃತ್ತಿಯಲ್ಲಿ ವಿಡಿಯೊ ಏರಿಸುವ, ಟಿಪ್ಪಣಿ ಬರೆಯುವ ಸೌಲಭ್ಯವನ್ನೇ ನಿಲ್ಲಿಸಿತು; ಬಳಕೆದಾರರು ದೇಶದ ಆಯ್ಕೆಯನ್ನು ಬದಲಿಸಿಕೊಂಡು ಮುಂದುವರಿಯಬಹುದಿತ್ತು. ಕೊನೆಗೆ 2012ರ ಆಗಸ್ಟ್ 23ರಂದು ಆ ದೇಶದ ಸಂವಿಧಾನ ನ್ಯಾಯಾಲಯ ಈ ನಿಯಮವನ್ನು ಒಮ್ಮತದಿಂದ ರದ್ದುಪಡಿಸಿತು. ಕಾನೂನುಬಾಹಿರ ಬರಹಗಳು ಗಮನಾರ್ಹವಾಗಿ ಕಡಿಮೆಯಾದುದಕ್ಕೆ ಪುರಾವೆಯಿಲ್ಲ, ಜನರು ವಿದೇಶಿ ತಾಣಗಳಿಗೆ ವಲಸೆ ಹೋದರು, ಗುರುತಿನ ವಿವರಗಳು ಸೋರುವ ಅಪಾಯ ಹೆಚ್ಚಿತು ಎಂಬವು ಆ ತೀರ್ಪಿನಲ್ಲಿ ಕೊಟ್ಟ ಕಾರಣಗಳಲ್ಲಿ ಸೇರಿದ್ದವು.

ಭದ್ರತೆಯ ಮಾತಿಗೂ ಉತ್ತರಿಸಬೇಕು. ಕದ್ದ ಹಣವನ್ನು ಬ್ಯಾಂಕು ತುಂಬಿಕೊಡಬಹುದು, ಕದ್ದ ಗುಪ್ತಪದವನ್ನು ಬದಲಿಸಬಹುದು. ಜನ್ಮದಿನಾಂಕವನ್ನು, ಬೆರಳಚ್ಚನ್ನು, ಮುಖವನ್ನು ಬದಲಿಸಿಕೊಡುವವರು ಯಾರೂ ಇಲ್ಲ. 2025ರ ಅಕ್ಟೋಬರ್‌ನಲ್ಲಿ ಡಿಸ್ಕಾರ್ಡ್ ಎಂಬ ಹರಟೆಯ ತಾಣ, ವಯಸ್ಸಿನ ವಿವಾದಗಳನ್ನು ಬಗೆಹರಿಸಲೆಂದು ಪಡೆದಿದ್ದ ಸುಮಾರು 70,000 ಬಳಕೆದಾರರ ಸರ್ಕಾರಿ ಗುರುತಿನ ಚೀಟಿಗಳ ಚಿತ್ರಗಳು ಹೊರಗುತ್ತಿಗೆಯ ಸಂಸ್ಥೆಯೊಂದರ ಮೂಲಕ ಸೋರಿರಬಹುದೆಂದು ಪ್ರಕಟಿಸಿತು. ಕೊರಿಯಾದ ಪ್ರಕರಣ ಕಳೆದು ಹದಿನಾಲ್ಕು ವರ್ಷಗಳಾದ ಮೇಲೂ ಸ್ಥಿತಿ ಇದು.

ಪೂರ್ವಪಕ್ಷ: ಕೊರಿಯಾದಲ್ಲಿ ಗಾಳಿಸುದ್ದಿ ಒಬ್ಬ ನಟಿಯನ್ನು ಬಲಿ ತೆಗೆದುಕೊಂಡಿತು, ಇಲ್ಲಿ ಅದು ಗುಂಪುಗಳನ್ನೇ ಬೀದಿಗಿಳಿಸುತ್ತದೆ. 2012ರ ಆಗಸ್ಟ್‌ನಲ್ಲಿ ಈಶಾನ್ಯ ರಾಜ್ಯಗಳ ಸಾವಿರಾರು ಜನ, ತಮ್ಮ ಮೇಲೆ ದಾಳಿ ನಡೆಯಲಿದೆ ಎಂಬ ಸಂದೇಶಗಳಿಗೆ ಹೆದರಿ, ಬೆಂಗಳೂರಿನ ರೈಲು ನಿಲ್ದಾಣದಲ್ಲಿ ಗಂಟುಮೂಟೆ ಹೊತ್ತು ಗುವಾಹಟಿಯ ಗಾಡಿಗಳಿಗೆ ಕಾದರು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ನೆಪವಾಗಿ, ಹೈದರಾಬಾದಿನಿಂದ ಬಂದಿದ್ದ ಯುವ ಎಂಜಿನಿಯರ್ ಒಬ್ಬರನ್ನು ಮಕ್ಕಳ ಕಳ್ಳನೆಂದು ಜನ ಹೊಡೆದು ಕೊಂದರು. ಇಂಥ ದೇಶದಲ್ಲಿ ಹೆಸರಿಲ್ಲದ ಸಂದೇಶಕ್ಕೆ ಅವಕಾಶ ಕೊಡುವುದು ಬೆಂಕಿಯೊಡನೆ ಸರಸವಾಡಿದಂತಲ್ಲವೇ?

ಉತ್ತರಪಕ್ಷ: ಈ ಎರಡೂ ಪ್ರಕರಣಗಳನ್ನು ಹತ್ತಿರದಿಂದ ನೋಡಬೇಕು. 2012ರಲ್ಲಿ ಸಂದೇಶಗಳು ಓಡಾಡಿದ್ದು ಹೆಚ್ಚಾಗಿ ಮೊಬೈಲಿನ ಕಿರುಸಂದೇಶಗಳ ಮೂಲಕ, ಮತ್ತು ಗುರುತಿನ ಚೀಟಿಯ ಪ್ರತಿ, ಭಾವಚಿತ್ರ ಕೊಡದೆ ಆ ವೇಳೆಗೆ ಸಿಮ್ ಕಾರ್ಡ್ ಪಡೆಯುವಂತಿರಲಿಲ್ಲ. 2018ರ ವದಂತಿ ಹರಡಿದ್ದು ವಾಟ್ಸ್ಆಪ್‌ನಲ್ಲಿ. ಅಲ್ಲಿ ಪ್ರತಿ ಖಾತೆಯೂ ಒಂದು ದೂರವಾಣಿ ಸಂಖ್ಯೆಗೆ, ಪ್ರತಿ ಸಂಖ್ಯೆಯೂ ಒಂದು ದಾಖಲೆಗೆ ಅಂಟಿಕೊಂಡಿರುತ್ತದೆ. ಕುಟುಂಬದ ಗುಂಪಿಗೆ ಬೆಳಗಿನ ಹೊತ್ತು ಬಂದು ಬೀಳುವ ಸುಳ್ಳುಸುದ್ದಿಯ ಮೇಲೆ ಕಾಣುವುದು ಸೋದರಮಾವನ ಹೆಸರು, ಊರಿನ ಮೇಷ್ಟ್ರ ಹೆಸರು, ಪಕ್ಕದ ಮನೆಯವರ ಮುಖ. ಅಪರಿಚಿತರು ಕಳುಹಿಸಿದ್ದರೆ ಯಾರಾದರೂ ಒಂದು ಕ್ಷಣ ಅನುಮಾನಿಸುತ್ತಿದ್ದರು. ಮಾವ ಕಳುಹಿಸಿದ್ದರಿಂದ ಅನುಮಾನಿಸದೆ ಮುಂದಕ್ಕೆ ದಾಟಿಸುತ್ತಾರೆ. ಪರಿಚಿತರ ಹೆಸರೇ ಇಲ್ಲಿ ಸುಳ್ಳಿಗೆ ವಾಹನವಾಗುತ್ತದೆ. 2012ರಲ್ಲಿ ಸರ್ಕಾರ ದಿನಕ್ಕೆ ಐದು ಕಿರುಸಂದೇಶಗಳ ಮಿತಿ ಹೇರಿದ್ದಾಗಲಿ, 2018ರಲ್ಲಿ ವಾಟ್ಸ್ಆಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ದಾಟಿಸುವ ಮಿತಿ ತಂದಿದ್ದಾಗಲಿ, ಸುದ್ದಿ ಓಡುವ ವೇಗವನ್ನು ತಗ್ಗಿಸುವ ಕ್ರಮಗಳಾಗಿದ್ದವು. ಎರಡರಲ್ಲಿಯೂ ಯಾರ ಹೆಸರನ್ನೂ ಹೊಸದಾಗಿ ಕೇಳಲಿಲ್ಲ.

ಪೂರ್ವಪಕ್ಷ: ಒಪ್ಪೋಣ. ಆದರೂ ತಪ್ಪು ಮಾಡದವರು ಹೆಸರು ಹೇಳಲು ಏಕೆ ಅಂಜಬೇಕು ಎಂಬ ಸಾಮಾನ್ಯ ಜನರ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಉತ್ತರಪಕ್ಷ: ಹೆಸರು ಎಲ್ಲರಿಗೂ ಒಂದೇ ಬೆಲೆಗೆ ಸಿಗುವ ವಸ್ತುವಾಗಿದ್ದರೆ ಆ ಪ್ರಶ್ನೆ ನ್ಯಾಯವಾಗಿರುತ್ತಿತ್ತು. ಈ ನಾಡಿನಲ್ಲಿ ಪೂರ್ಣ ಹೆಸರು ಹೇಳಿದ ಕೂಡಲೇ ಕೇಳುಗರಿಗೆ ಧರ್ಮ ತಿಳಿಯುತ್ತದೆ, ಬಹಳ ಸಲ ಜಾತಿ ತಿಳಿಯುತ್ತದೆ, ಹೆಣ್ಣೋ ಗಂಡೋ ಎಂಬುದು ತಿಳಿಯುತ್ತದೆ, ಮನೆತನದ ಹೆಸರು ಜೊತೆಗಿದ್ದರೆ ಸೀಮೆಯೂ ತಿಳಿಯುತ್ತದೆ. ವಿದ್ಯಾರ್ಥಿನಿಲಯದ ಊಟದ ಪಂಕ್ತಿಯಲ್ಲಿ ನಡೆಯುವ ಭೇದವನ್ನು ಬರೆಯುವ ದಲಿತ ವಿದ್ಯಾರ್ಥಿಗೆ, ಮೇಲಧಿಕಾರಿಯ ಕಿರುಕುಳವನ್ನು ಹೇಳಿಕೊಳ್ಳುವ ಗಾರ್ಮೆಂಟ್ಸ್ ಕಾರ್ಮಿಕಳಿಗೆ, ಗುತ್ತಿಗೆಯ ಅವ್ಯವಹಾರವನ್ನು ಬಯಲಿಗೆಳೆಯುವ ಗುಮಾಸ್ತನಿಗೆ ನಿಜನಾಮದ ಬೆಲೆ ಒಂದಾದರೆ, ಅದೇ ತಾಣದಲ್ಲಿ ಬರೆಯುವ ಪ್ರಭಾವಶಾಲಿಗೆ ಅದರ ಬೆಲೆ ಬೇರೆ. ಅತ್ಯಾಚಾರಕ್ಕೆ ಒಳಗಾದವರ ಹೆಸರನ್ನು ಪ್ರಕಟಿಸುವುದು 1983ರಿಂದ ಅಪರಾಧವಾಗಿದೆ, ಇಂದಿನ ಭಾರತೀಯ ನ್ಯಾಯ ಸಂಹಿತೆಯ 72ನೆಯ ಕಲಮಿನಲ್ಲಿಯೂ ಅದು ಮುಂದುವರಿದಿದೆ. ಹೆಸರು ಮರೆಯಲ್ಲಿರುವುದೇ ನ್ಯಾಯಕ್ಕೆ ದಾರಿಯಾಗುವ ಸಂದರ್ಭಗಳನ್ನು ಕಾನೂನು ತಾನೇ ಗುರುತಿಸಿದೆ ಎಂದಾಯಿತು.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಕಾರಣವಿದೆ. ಕೊರಿಯಾದಲ್ಲಿ 2008ರಲ್ಲಿ 'ಮಿನರ್ವಾ' ಎಂಬ ಗುಪ್ತನಾಮದಿಂದ ಬರೆಯುತ್ತಿದ್ದ ಒಬ್ಬರು ಲೇಮನ್ ಬ್ರದರ್ಸ್ ಬ್ಯಾಂಕಿನ ಪತನವನ್ನು ಮೊದಲೇ ಊಹಿಸಿದ್ದರಿಂದ ದೇಶವೇ ಅವರ ಬರಹಕ್ಕೆ ಕಾಯುತ್ತಿತ್ತು. ಅವರು ಯಾವುದೋ ದೊಡ್ಡ ಹಣಕಾಸು ಸಂಸ್ಥೆಯ ಹಿರಿಯರಿರಬೇಕೆಂದು ಜನ ನಂಬಿದ್ದರು. 2009ರ ಜನವರಿಯಲ್ಲಿ, ಆರ್ಥಿಕತೆಯ ಬಗ್ಗೆ ಸುಳ್ಳು ಹರಡಿದ ಆರೋಪದ ಮೇಲೆ ಬಂಧಿಸಿದಾಗ ಗೊತ್ತಾಯಿತು, ಆತ ಎರಡು ವರ್ಷದ ಕಾಲೇಜು ಶಿಕ್ಷಣ ಪಡೆದ, ಉದ್ಯೋಗವಿಲ್ಲದ ಯುವಕನೆಂದು. ಏಪ್ರಿಲ್‌ನಲ್ಲಿ ನ್ಯಾಯಾಲಯ ಆತನನ್ನು ನಿರ್ದೋಷಿ ಎಂದಿತು. 2010ರ ಡಿಸೆಂಬರ್‌ನಲ್ಲಿ ಆತನ ವಿರುದ್ಧ ಬಳಸಿದ ಕಲಮೇ ರದ್ದಾಯಿತು. ಇಷ್ಟಾದರೂ ಬಂಧನದ ಮರುದಿನದಿಂದ ಚರ್ಚೆ ಆತನ ವಾದದಿಂದ ಆತನ ವಿದ್ಯಾರ್ಹತೆಯ ಕಡೆಗೆ ಹೊರಳಿತ್ತು. ಕನ್ನಡದ ಮುದ್ದಣನನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಾಗದು. ಉಡುಪಿಯ ಶಾಲೆಯಲ್ಲಿ ವ್ಯಾಯಾಮ ಶಿಕ್ಷಕರಾಗಿದ್ದ ನಂದಳಿಕೆಯ ಲಕ್ಷ್ಮೀನಾರಾಣಪ್ಪ ತಮ್ಮ ಕೃತಿಗಳನ್ನು ಹಳೆಯ ಕವಿಗಳ ರಚನೆಗಳೆಂಬಂತೆ ಪ್ರಕಟಣೆಗೆ ಕಳುಹಿಸಿದರು; 1901ರಲ್ಲಿ ಅವರು ತೀರಿಕೊಂಡಾಗಲೂ ಆ ಕಾವ್ಯಗಳ ಹಿಂದಿದ್ದ ವ್ಯಕ್ತಿ ಯಾರೆಂಬುದು ಓದುಗರಿಗೆ ತಿಳಿದಿರಲಿಲ್ಲ. ವ್ಯಾಯಾಮ ಶಿಕ್ಷಕನೊಬ್ಬನ ಹೆಸರಿನಲ್ಲಿ ಬಂದಿದ್ದರೆ ವಿದ್ವಾಂಸರು ಆ ಗದ್ಯವನ್ನು ಅಷ್ಟೇ ಆದರದಿಂದ ಓದುತ್ತಿದ್ದರೇ ಎಂದು ಕೇಳಿಕೊಳ್ಳಬೇಕು.

ಪೂರ್ವಪಕ್ಷ: ಕವಿಗೂ ಕಿರುಕುಳ ಕೊಡುವವನಿಗೂ ಒಂದೇ ಮರೆ ಸಿಗುತ್ತಿದೆ ಎಂಬುದೇ ತಕರಾರು. ಎಲ್ಲರ ಗುರುತನ್ನೂ ಮೊದಲೇ ಕೇಳಬಾರದೆಂದಾದರೆ, ಅಪರಾಧ ನಡೆದ ಮೇಲಾದರೂ ಅಪರಾಧಿಯನ್ನು ಹುಡುಕಲು ದಾರಿ ಬೇಕಲ್ಲ?

ಉತ್ತರಪಕ್ಷ: ಬೇಕು, ಮತ್ತು ಆ ದಾರಿ ಈಗಲೂ ಇದೆ. ಅಂತರಜಾಲಕ್ಕೆ ಸೇರುವ ಪ್ರತಿ ಉಪಕರಣಕ್ಕೂ ಸಂಪರ್ಕ ಒದಗಿಸುವ ಕಂಪನಿ ಒಂದು ಅಂಕಿಗಳ ವಿಳಾಸವನ್ನು ಕೊಡುತ್ತದೆ. ಅದನ್ನು ಐಪಿ ವಿಳಾಸ ಎನ್ನುತ್ತಾರೆ. ಯಾವ ಹೊತ್ತಿನಲ್ಲಿ ಯಾವ ವಿಳಾಸ ಯಾವ ಗ್ರಾಹಕರದ್ದಾಗಿತ್ತು ಎಂಬ ದಾಖಲೆ ಕಂಪನಿಯ ಬಳಿ ಇರುತ್ತದೆ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಅಧಿಕೃತ ತನಿಖಾ ಸಂಸ್ಥೆ ಲಿಖಿತ ಆದೇಶ ಕೊಟ್ಟರೆ ಜಾಲತಾಣಗಳು 72 ಗಂಟೆಗಳೊಳಗೆ ಮಾಹಿತಿ ಒದಗಿಸಬೇಕು. ಬಳಕೆದಾರರು ಖಾತೆಯನ್ನು ಅಳಿಸಿದರೂ ಅದರ ನೋಂದಣಿ ವಿವರವನ್ನು 180 ದಿನ ಇಟ್ಟುಕೊಂಡಿರಬೇಕು. ಮಿನರ್ವಾ ಎಂಬ ಮರೆಯ ಹಿಂದಿದ್ದ ಯುವಕನನ್ನೇ ತನಿಖಾಧಿಕಾರಿಗಳು ಪತ್ತೆ ಹಚ್ಚಿದರಲ್ಲ! ಅಂತರಜಾಲದಲ್ಲಿ ಪೂರ್ಣ ಅನಾಮಿಕತೆ ಬಹಳ ಅಪರೂಪದ ವಸ್ತು.

ಆದರೆ ಪತ್ತೆ ಹಚ್ಚುವ ಈ ಕ್ರಮವೂ ತಪ್ಪುತ್ತದೆ ಎಂಬುದನ್ನು ಬೆಂಗಳೂರು 2007ರಲ್ಲಿ ಕಂಡಿದೆ. ಆರ್ಕುಟ್ ತಾಣದಲ್ಲಿ ಶಿವಾಜಿಯನ್ನು ಅವಮಾನಿಸುವ ಚಿತ್ರ ಹಾಕಿದ ಆರೋಪದ ಮೇಲೆ ಪುಣೆಯ ಪೊಲೀಸರು ಇಲ್ಲಿನ ಸಾಫ್ಟ್‌ವೇರ್ ಉದ್ಯೋಗಿಯೊಬ್ಬರನ್ನು ಮನೆಯಿಂದ ಕರೆದೊಯ್ದರು. ಆತ ಸುಮಾರು 50 ದಿನ ಸೆರೆಮನೆಯಲ್ಲಿದ್ದರು. ಸಂಪರ್ಕ ಒದಗಿಸಿದ ಕಂಪನಿ ಕೊಟ್ಟಿದ್ದ ವಿಳಾಸದ ವಿವರವೇ ತಪ್ಪಾಗಿತ್ತೆಂದು, ಆ ಚಿತ್ರಕ್ಕೂ ಆತನಿಗೂ ಯಾವ ಸಂಬಂಧವೂ ಇರಲಿಲ್ಲವೆಂದು ಆಮೇಲೆ ತಿಳಿಯಿತು. ಯಂತ್ರದ ದಾಖಲೆಯೊಂದನ್ನೇ ಪೂರ್ಣ ಸಾಕ್ಷ್ಯವೆಂದು ನಂಬಿದಾಗ ಹೀಗಾಗುತ್ತದೆ. ಆದ್ದರಿಂದಲೇ ಹೆಸರು ತೆರೆಯುವ ಅಧಿಕಾರ ನ್ಯಾಯಾಧೀಶರ ಕಣ್ಣಳತೆಯಲ್ಲಿ ಇರಬೇಕೆಂದು ವಾದಿಸಬೇಕಾಗಿದೆ. ಅದಕ್ಕೆ ಮಾದರಿಯೂ ಇದೆ. ಕಲಾಕ್ಷೇತ್ರದಲ್ಲಿನ ಲೈಂಗಿಕ ಕಿರುಕುಳದ ದೂರುಗಳನ್ನು ಹೆಸರಿಲ್ಲದೆ ಪ್ರಕಟಿಸಿದ್ದ ಇನ್‌ಸ್ಟಾಗ್ರಾಂ ಖಾತೆಯೊಂದರ ಮೇಲೆ ಮಾನನಷ್ಟ ಮೊಕದ್ದಮೆ ಹೂಡಿದಾಗ, 2019ರಲ್ಲಿ ದೆಹಲಿ ಹೈಕೋರ್ಟ್ ಖಾತೆಯ ಹಿಂದಿದ್ದವರ ವಿವರವನ್ನು ಮುಚ್ಚಿದ ಲಕೋಟೆಯಲ್ಲಿ ಪಡೆಯುವ ದಾರಿಯನ್ನು ಹಿಡಿಯಿತು. ಫಿರ್ಯಾದಿಯ ಹಕ್ಕೂ ಉಳಿಯಿತು, ದೂರು ಹೇಳಿಕೊಂಡ ಹೆಣ್ಣುಮಕ್ಕಳ ಹೆಸರು ಬೀದಿಗೂ ಬೀಳಲಿಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಎತ್ತಿಹಿಡಿದಾಗ, ಅದನ್ನು ಮೊಟಕುಗೊಳಿಸುವ ಕ್ರಮಕ್ಕೆ ಕಾನೂನಿನ ಆಧಾರವಿರಬೇಕು, ನ್ಯಾಯವಾದ ಉದ್ದೇಶವಿರಬೇಕು, ಉದ್ದೇಶಕ್ಕೆ ತಕ್ಕಷ್ಟೇ ಪ್ರಮಾಣವಿರಬೇಕು ಎಂಬ ಅಳತೆಗೋಲುಗಳು ಮೂಡಿದವು. ಒಬ್ಬನ ತಪ್ಪಿಗಾಗಿ ಕೋಟ್ಯಂತರ ಜನರ ಗುರುತನ್ನು ಕೂಡಿಡುವುದು ಮೂರನೆಯ ಅಳತೆಯನ್ನು ಹೇಗೆ ದಾಟೀತು?

ಪೂರ್ವಪಕ್ಷ: ಮಕ್ಕಳ ವಿಷಯದಲ್ಲಿ ಈ ತರ್ಕ ನಡೆಯದು. 2023ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟಿನ ಪೀಠವೇ ಶಾಲಾ ಮಕ್ಕಳ ಜಾಲತಾಣದ ಗೀಳನ್ನು ಕಂಡು ವಯೋಮಿತಿಯ ಮಾತನ್ನಾಡಿತ್ತು. ಆಸ್ಟ್ರೇಲಿಯಾ 2025ರ ಡಿಸೆಂಬರ್ 10ರಿಂದ 16 ವರ್ಷದೊಳಗಿನವರಿಗೆ ಜಾಲತಾಣಗಳ ಖಾತೆಯನ್ನೇ ನಿಷೇಧಿಸಿದೆ. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿಯೂ 18 ವರ್ಷದೊಳಗಿನವರ ಮಾಹಿತಿ ಬಳಸಲು ಪೋಷಕರ ಪರಿಶೀಲಿತ ಒಪ್ಪಿಗೆ ಬೇಕು. ಮಗು ಯಾರೆಂದು ತಿಳಿಯಬೇಕಾದರೆ ದೊಡ್ಡವರು ಯಾರೆಂಬುದೂ ತಿಳಿಯಲೇಬೇಕು.

ಉತ್ತರಪಕ್ಷ: ಇದು ಪೂರ್ವಪಕ್ಷದ ಅತ್ಯಂತ ಬಲವಾದ ಮಾತು, ಮತ್ತು ಇದಕ್ಕೆ ಇಲ್ಲವೆಂದು ಉತ್ತರಿಸುವುದು ಸರಿಯಲ್ಲ. ಆದರೆ ವಯಸ್ಸು ತಿಳಿಯುವುದಕ್ಕೂ ಹೆಸರು ತಿಳಿಯುವುದಕ್ಕೂ ವ್ಯತ್ಯಾಸವಿದೆ. ಮತಗಟ್ಟೆಯಲ್ಲಿ ನಡೆಯುವುದನ್ನು ನೋಡಬಹುದು: ಮೊದಲ ಅಧಿಕಾರಿ ಮತದಾರರ ಪಟ್ಟಿಯಲ್ಲಿ ಹೆಸರು ಹುಡುಕಿ ಗಟ್ಟಿಯಾಗಿ ಓದುತ್ತಾರೆ, ಗುರುತಿನ ಚೀಟಿ ನೋಡುತ್ತಾರೆ, ಎರಡನೆಯ ಅಧಿಕಾರಿ ಎಡಗೈ ತೋರುಬೆರಳಿಗೆ ಶಾಯಿ ಹಚ್ಚುತ್ತಾರೆ, ವಹಿಯಲ್ಲಿ ಸಹಿ ಹಾಕಿಸಿಕೊಳ್ಳುತ್ತಾರೆ, ಅಲ್ಲಿಂದ ನಾಲ್ಕು ಹೆಜ್ಜೆ ದೂರದ ರಟ್ಟಿನ ಮರೆಯಲ್ಲಿ ಒತ್ತಿದ ಗುಂಡಿಗೂ ವಹಿಯ ಸಹಿಗೂ ಯಾವ ದಾರವೂ ಇರುವುದಿಲ್ಲ. ಅರ್ಹತೆ ಪೂರ್ಣವಾಗಿ ಪರೀಕ್ಷೆಯಾಗುತ್ತದೆ, ಅಭಿಪ್ರಾಯ ಪೂರ್ಣವಾಗಿ ಗುಟ್ಟಾಗಿರುತ್ತದೆ. ಈ ಬೇರ್ಪಡೆಯನ್ನು ಗಣಕದಲ್ಲಿಯೂ ಸಾಧಿಸಬಹುದು. ಗುರುತಿನ ಸಂಸ್ಥೆಯೊಂದು 'ಈ ವ್ಯಕ್ತಿಗೆ 18 ತುಂಬಿದೆ' ಎಂಬಷ್ಟನ್ನೇ ಸಹಿ ಮಾಡಿ ಕೊಡುತ್ತದೆ. ತಾಣಕ್ಕೆ ಹೆಸರೂ ಸಂಖ್ಯೆಯೂ ಕಾಣುವುದಿಲ್ಲ, ಸಹಿ ಕೊಟ್ಟ ಸಂಸ್ಥೆಗೆ ಅದನ್ನು ಯಾವ ತಾಣದಲ್ಲಿ ತೋರಿಸಲಾಯಿತೆಂಬುದು ತಿಳಿಯುವುದಿಲ್ಲ. ಆಧಾರ್ ಸಂಖ್ಯೆಯ ಬದಲಿಗೆ ಕೊಡಬಹುದಾದ 16 ಅಂಕಿಗಳ ತಾತ್ಕಾಲಿಕ ಸಂಖ್ಯೆ 2018ರಲ್ಲಿ ಬಂದಿತು, ಕೊನೆಯ ನಾಲ್ಕು ಅಂಕಿಗಳನ್ನಷ್ಟೇ ತೋರಿಸುವ ಮರೆಮಾಚಿದ ಆಧಾರ್ ಪ್ರತಿಯೂ ಇದೆ. ಲಾಡ್ಜಿನ ಮೇಜಿನ ಮೇಲೆ, ಜೆರಾಕ್ಸ್ ಅಂಗಡಿಯಲ್ಲಿ ಪೂರ್ಣ ಸಂಖ್ಯೆಯ ಪ್ರತಿಗಳು ಇಂದಿಗೂ ಬಿದ್ದಿರುವುದನ್ನು ನೋಡಿದರೆ, ಉಪಾಯ ಇದ್ದರೂ ಅಭ್ಯಾಸ ಬಂದಿಲ್ಲವೆಂಬುದು ತಿಳಿಯುತ್ತದೆ. ಮೇಲಾಗಿ 2023ರ ಕಾಯ್ದೆ ಸರ್ಕಾರಕ್ಕೆ ತನ್ನ ಸಂಸ್ಥೆಗಳನ್ನು ಅಧಿಸೂಚನೆಯ ಮೂಲಕ ಅದರ ವ್ಯಾಪ್ತಿಯಿಂದ ಹೊರಗಿಡುವ ಅಧಿಕಾರ ಕೊಟ್ಟಿದೆ. ಆ ಬಾಗಿಲು ತೆರೆದಿರುವವರೆಗೆ ಗುಟ್ಟನ್ನು ಕಾಯುತ್ತೇವೆಂಬ ಭರವಸೆ ಅರೆಬರೆಯೇ.

ಪೂರ್ವಪಕ್ಷ: ಕೊನೆಯದಾಗಿ ಆ ವಿದ್ಯಾರ್ಥಿನಿಯ ಪ್ರಶ್ನೆಗೆ ಮರಳಲೇಬೇಕು. ದಾರಿ ಇದೆ, ನಿಯಮವಿದೆ, 72 ಗಂಟೆಗಳ ಗಡುವಿದೆ. ಆದರೂ ಆಕೆಗೆ ತಿಂಗಳುಗಟ್ಟಲೆ ಉತ್ತರ ಸಿಗುವುದಿಲ್ಲ. ಎಲ್ಲರ ಗುರುತನ್ನೂ ಮೊದಲೇ ಪಡೆಯಿರಿ ಎಂದು ಜನ ಕೂಗುವುದು ಈ ಹತಾಶೆಯಿಂದಲೇ.

ಉತ್ತರಪಕ್ಷ: ಆ ಹತಾಶೆ ಸಕಾರಣ. ಆದರೆ ಆಕೆಯ ದೂರು ನಿಂತಿರುವುದು ಹೆಸರಿನ ಅಭಾವದಿಂದಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 78ನೆಯ ಕಲಮಿನಂತೆ ಇಂಥ ಅಪರಾಧದ ತನಿಖೆಯನ್ನು ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ನಡೆಸುವಂತಿಲ್ಲ. ಕರ್ನಾಟಕದ ಸೆನ್ ಠಾಣೆಗಳಿಗೆ ಸೈಬರ್ ಅಪರಾಧದ ಜೊತೆಗೆ ಆರ್ಥಿಕ ಅಪರಾಧ, ಮಾದಕವಸ್ತು ಪ್ರಕರಣಗಳ ಹೊರೆಯೂ ಇದೆ. ಹಣ ಕಳೆದುಕೊಂಡವರ, ಮಾನ ಕಳೆದುಕೊಂಡವರ ದೂರುಗಳು ಒಂದೇ ಮೇಜಿನ ಮೇಲೆ ಸರದಿಗೆ ಕಾಯುತ್ತವೆ. ಆ ಮೇಜಿನ ಬಳಿ ಅಧಿಕಾರಿಗಳನ್ನು ಹೆಚ್ಚಿಸಬೇಕು; ಜಾಲತಾಣಕ್ಕೆ ಕೋರಿಕೆ ಹೋದ ದಿನ, ಉತ್ತರ ಬಂದ ದಿನ ಎರಡನ್ನೂ ದೂರುದಾರರಿಗೆ ಬರಹದಲ್ಲಿ ತಿಳಿಸುವುದನ್ನು ಕಡ್ಡಾಯ ಮಾಡಬೇಕು; ತನಿಖೆಗೆ ತೊಡಕಾಗದ ಹಂತ ಬಂದ ಕೂಡಲೇ, ಯಾರ ಹೆಸರನ್ನು ತೆರೆಯಲಾಯಿತೋ ಅವರಿಗೂ ಅದನ್ನು ತಿಳಿಸಬೇಕು.

ಪೂರ್ವಪಕ್ಷ: ಹಾಗೆ ಎರಡು ದಿನಾಂಕಗಳು ದೂರುದಾರರ ಕೈಗೆ ಬರುವ ವ್ಯವಸ್ಥೆ ನಿಜವಾಗಿ ಜಾರಿಗೆ ಬಂದರೆ, ಮತ್ತು ಆ ದಿನಾಂಕಗಳ ನಡುವಿನ ಅಂತರ 72 ಗಂಟೆಗಳನ್ನು ಮೀರದಿದ್ದರೆ, ಎಲ್ಲರ ಗುರುತನ್ನೂ ಕೇಳುವ ಬೇಡಿಕೆಯನ್ನು ಪೂರ್ವಪಕ್ಷ ಹಿಂದಕ್ಕೆ ಪಡೆಯುತ್ತದೆ. ಅಲ್ಲಿಯವರೆಗೆ ಬೇಡಿಕೆ ಉಳಿದೇ ಇರುತ್ತದೆ.

ಉತ್ತರಪಕ್ಷ: ಆ ಷರತ್ತು ನ್ಯಾಯವಾದದ್ದೇ. ಅದನ್ನು ಈಡೇರಿಸಬೇಕಾದ ಹೊಣೆ ಸರ್ಕಾರದ್ದು. ಅದನ್ನು ಒತ್ತಾಯಿಸುವ ಹೊಣೆ ಗುಪ್ತನಾಮದ ಹಕ್ಕಿಗಾಗಿ ವಾದಿಸುವವರ ಮೇಲೆಯೇ ಮೊದಲು ಬೀಳುತ್ತದೆ.